ಥರ್ಮನ್ ಟಗಲ್ ಮತ್ತು ನಾವು ಕದ್ದ ಉಸಿರು

ಥರ್ಮನ್ ಟಗಲ್ ಬಗ್ಗೆ ನಾಲ್ಕು ಒಳ್ಳೆಯ ಮಾತು ಕೇಳಬೇಕೆನ್ನುವವರು ನಮ್ಮ ಆರೆಂಜ್ ಮೌಂಡ್ ಬಡಾವಣೆಯಲ್ಲಿ ಬೇರೆ ಯಾರ ಬಾಗಿಲನ್ನಾದರೂ ತಟ್ಟಬಹುದು. ಲಮಾರ್ ರಸ್ತೆಯ ಟೈರ್ ಅಂಗಡಿಯವರು ಹೇಳುತ್ತಾರೆ. ಅವನನ್ನು ಬಿಟ್ಟುಹೋದ ಇಬ್ಬರು ಹೆಂಡತಿಯರಲ್ಲಿ ಎರಡನೆಯವಳೂ ಹೇಳುತ್ತಾಳೆ. ನನ್ನ ಬಾಯಿಂದ ಮಾತ್ರ ಬರುವುದಿಲ್ಲ. ನಾನು ಅವನನ್ನು ದ್ವೇಷಿಸಲು ಶುರುಮಾಡಿ ಮೂವತ್ತು ವರ್ಷವಾಯಿತು. ಈಗ ಅದು ಮಂಡಿನೋವಿನ ಹಾಗೆ ಮೈಗೆ ಹೊಂದಿಕೊಂಡುಬಿಟ್ಟಿದೆ. ಆದರೂ ಅವನ ಕಥೆಯನ್ನು ಸರಿಯಾಗಿ ಹೇಳಬಲ್ಲವಳು ನಾನೇ. ಅದರಲ್ಲಿನ ಅತಿ ಕೆಟ್ಟ ಕೆಲಸ ನಡೆದದ್ದು ನನ್ನ ಕೈಯಿಂದ.

ಅವನು ಹುಟ್ಟಿದ್ದು ಎಪ್ಪತ್ತಮೂರರಲ್ಲಿ, ಮೆಂಫಿಸ್ಸಿನ ಕಾರ್ನೆಸ್ ಬೀದಿಯಲ್ಲಿ, ನಮ್ಮ ಮನೆಯಿಂದ ಮೂರು ಮನೆ ಆಚೆ. ಅಪ್ಪ ಗಾರೆ ಕೆಲಸದವನು. ಮಿಲ್ವಾಕಿಗೆ ಕೆಲಸ ಹುಡುಕಿಕೊಂಡು ಹೋದವನು ಅಲ್ಲೇ ಇನ್ನೊಂದು ಸಂಸಾರವನ್ನೂ ಹುಡುಕಿಕೊಂಡ. ತಾಯಿ ಮಿಸ್ ಅರ್ಲೀನ್ ಆಸ್ಪತ್ರೆಯೊಂದರಲ್ಲಿ ರೋಗಿಗಳ ಹಾಸಿಗೆ ಬಟ್ಟೆ ಒಗೆಯುತ್ತಿದ್ದರು. ಹುಡುಗನಿಗೆ ಹುಟ್ಟಿನಿಂದಲೇ ಉಬ್ಬಸ. ಉಬ್ಬಸಕ್ಕಿಂತ ದೊಡ್ಡ ಕಾಯಿಲೆ ಎಂದರೆ ಜಂಬ. ಎಲ್ಲ ಮಕ್ಕಳೂ ಓಡಿ ಸುಸ್ತಾಗಿ ಬಾಯಿ ಬಿಟ್ಟುಕೊಂಡು ಕೂತರೆ, ಇವನು ಮಾತ್ರ ಬಾಯಿ ಬಿಗಿಹಿಡಿದು, ಕಣ್ಣು ಕೆಂಪಾದರೂ ಮೂಗಿನಲ್ಲೇ ಉಸಿರೆಳೆಯುತ್ತ, ನನಗೇನೂ ಆಗಿಲ್ಲ ಎನ್ನುವಂತೆ ನಿಲ್ಲುತ್ತಿದ್ದ. ಔಷಧಿಯ ಪಂಪನ್ನು ಜೇಬಿನಲ್ಲಿಟ್ಟರೆ ಕಾಣುತ್ತದೆಂದು ಕಾಲುಚೀಲದೊಳಗೆ ತೂರಿಸಿಕೊಳ್ಳುತ್ತಿದ್ದ. ಹದಿನೈದು ತುಂಬಿದಾಗ, "ಉಬ್ಬಸ ಹೋಯ್ತು, ಡಾಕ್ಟ್ರೇ ಹೇಳಿದ್ರು" ಎಂದು ಬೀದಿಗೆಲ್ಲ ಸಾರಿದ. ನಾವು ನಂಬಿದೆವು.

ನನ್ನ ತಮ್ಮ ಕೊರ್ಡೆಲ್ ಅವನ ಓರಗೆಯವನು. ಕೊರ್ಡೆಲ್‌ಗೆ ಉಗ್ಗು. ಮಾತು ಒಮ್ಮೆ ಹೊರಟರೆ ನೀರಿನಂತೆ ಹರಿಯುತ್ತಿತ್ತು, ಆದರೆ ಹೊರಡುವುದೇ ಕಷ್ಟ. ಮೊದಲ ಅಕ್ಷರದ ಮೇಲೆ ಗಾಡಿ ಕೆಸರಲ್ಲಿ ಹೂತಂತೆ ಹೂತುಬಿಡುತ್ತಿದ್ದ. ಶಾಲೆಯಲ್ಲಿ ಅವನು ಬಾಯಿ ತೆರೆಯುವುದನ್ನೇ ಬಿಟ್ಟಿದ್ದ.

ನಾನು ಇವರಿಬ್ಬರಿಗಿಂತ ಮೂರು ವರ್ಷ ದೊಡ್ಡವಳು. ಭಾನುವಾರ ಚರ್ಚಿನಲ್ಲಿ ಇಬ್ಬರನ್ನೂ ಕಾಯುವ ಕೆಲಸ ನನ್ನದು. ಹಿರಿಯರ ಕಣ್ಣು ತಪ್ಪಿಸಿ ನಾವು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದೆವು. ಒಂದು ದಿನ ಪಾಸ್ಟರ್ ಪ್ರಕಟಣೆಗಳನ್ನು ಓದುತ್ತಿದ್ದಾಗ ಥರ್ಮನ್ ಅವರ ದನಿಯನ್ನೇ ಅಣಕಿಸುತ್ತ, ಪ್ರಾಸ ಕಟ್ಟಿ, ಪಿಸುಗುಡಲು ಶುರುಮಾಡಿದ. ಅರ್ಧ ಸಾಲಿಗೆ ಉಸಿರು ಮುಗಿಯಿತು. ಉಳಿದರ್ಧವನ್ನು ಕೊರ್ಡೆಲ್ ಹೇಳಿ ಮುಗಿಸಿದ. ಒಂದು ಅಕ್ಷರವೂ ಉಗ್ಗಲಿಲ್ಲ. ನಾವು ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಥರ್ಮನ್ ಇನ್ನೊಂದು ಸಾಲು ಎಸೆದ, ಕೊರ್ಡೆಲ್ ಅದನ್ನೂ ಹಿಡಿದ. ಪ್ರಾರ್ಥನೆ ಮುಗಿಯುವ ಹೊತ್ತಿಗೆ ನಮ್ಮಮ್ಮ ಬಂದು ಮೂವರ ತಲೆಗೂ ಮೊಟಕಿದಳು.

ಹೀಗೆ ಹುಟ್ಟಿತು ನಮ್ಮ ಗುಂಪು. ಚರ್ಚಿನ ಬೆಂಚಿಗೆ ಪ್ಯೂ ಎನ್ನುತ್ತಾರಲ್ಲ, ಅದಕ್ಕೆ 'ಲಾಸ್ಟ್ ಪ್ಯೂ' ಎಂದು ಹೆಸರಿಟ್ಟವಳು ನಾನು. ತಾಳ, ಸಂಗೀತ, ಧ್ವನಿಮುದ್ರಣ ಎಲ್ಲ ನನ್ನದು. ಮಾವನ ಹಳೆಯ ಎರಡು ರೆಕಾರ್ಡ್ ಪ್ಲೇಯರುಗಳ ಮೇಲೆ ಕಲಿತದ್ದು. ಕೇಳಿದವರೆಲ್ಲ, "ಇಬ್ರ ರ‍್ಯಾಪ್ ಒಂದೇ ಬಾಯಿಂದ ಬಂದ ಹಾಗಿದೆಯಲ್ಲ, ಎಂಥಾ ಅಭ್ಯಾಸ!" ಎನ್ನುತ್ತಿದ್ದರು. ಅಭ್ಯಾಸವೂ ಅಲ್ಲ, ಮಣ್ಣೂ ಅಲ್ಲ. ಒಬ್ಬನಿಗೆ ಸಾಲು ಮುಗಿಸಲು ಉಸಿರಿರಲಿಲ್ಲ, ಇನ್ನೊಬ್ಬನಿಗೆ ಶುರುಮಾಡಲು ಬಾಯಿ ಬರುತ್ತಿರಲಿಲ್ಲ. ಅದನ್ನು ಹೊರಗಿನವರು ಶೈಲಿ ಎಂದು ಕರೆದರು. ತೊಂಬತ್ತಮೂರರಲ್ಲಿ ನಮ್ಮ ಮೊದಲ ಕ್ಯಾಸೆಟ್ ಬಂತು. ಕಾರಿಗೆ ಸ್ಪೀಕರ್ ಕೂರಿಸುವ ಅಂಗಡಿಗಳಲ್ಲೆಲ್ಲ ಅದೇ ಹಾಡು. ಡಿಕ್ಕಿ ನಡುಗಿಸಿಕೊಂಡು ಹೋಗುವ ಪ್ರತಿ ಕಾರಿನಲ್ಲೂ ನನ್ನ ತಮ್ಮನ ದನಿ. ನಮ್ಮಮ್ಮ ಜಗಲಿಯಲ್ಲಿ ಕೂತು ಬಟಾಣಿ ಬಿಡಿಸುತ್ತ, "ಅದು ನನ್ ಮಗ, ನೋಡಿ ಹೆಂಗೆ ಮಾತಾಡ್ತಾನೆ" ಎಂದು ಹೋಗಿ ಬರುವವರಿಗೆಲ್ಲ ಹೇಳುತ್ತಿದ್ದಳು.

ಎರಡು ವರ್ಷ ನಡೆಯಿತು. ತೊಂಬತ್ತೈದರ ಬೇಸಿಗೆಯಲ್ಲಿ ಅಟ್ಲಾಂಟಾದಿಂದ ಕ್ಯಾಸೆಟ್ ಕಂಪನಿಯ ಒಬ್ಬ ದಲ್ಲಾಳಿ ಬಂದು ನಮ್ಮ ಮೂವರನ್ನೂ ನೋಡಿ, ಥರ್ಮನ್‌ನನ್ನು ಮಾತ್ರ ಊಟಕ್ಕೆ ಕರೆದುಕೊಂಡು ಹೋದ. ಮಾರನೆಯ ದಿನ ಮಧ್ಯಾಹ್ನ ಥರ್ಮನ್ ನಮ್ಮ ಅಡುಗೆಮನೆಗೆ ಬಂದ. ಹೊಸ ಬಿಳಿ ಜಾಕೆಟ್ಟು, ಆ ಸೆಕೆಯಲ್ಲಿ. ನಮ್ಮಮ್ಮ ಕೊಟ್ಟ ಜೋಳದ ರೊಟ್ಟಿಯನ್ನು ತಿನ್ನುತ್ತಲೇ ವಿಷಯ ತೆಗೆದ.

"ನಾನು ಒಬ್ನೇ ಮಾಡ್ತೀನಿ ಇನ್ಮೇಲೆ."

"ಏನು ಒಬ್ನೇ?" ಎಂದೆ.

"ಹಾಡು ಕಣೇ, ಇನ್ನೇನು? ಪೋಸ್ಟರ್‌ನಲ್ಲಿ ಒಂದೇ ಮುಖ ಇರ್ಬೇಕಂತೆ. ಮೂರು ಮುಖ ಹಾಕಿದ್ರೆ ಮಿಸ್ಸಿಂಗ್ ಕೇಸ್ ಥರ ಕಾಣತ್ತಂತೆ."

"ಹಾಗಂದವನು ಅವನೋ ನೀನೋ?"

"ಯಾರಂದ್ರೇನು? ನಿಜಾನೇ ತಾನೆ? ನೀವಿಬ್ರೂ ಇರೋದೇ ನಾನಿರೋದ್ರಿಂದ. ನಾನು ಶುರು ಮಾಡ್ದೇ ಹೋದ್ರೆ ಇವನು ಬಾಯಿ ಬಿಡ್ತಾನಾ?"

ಕೊರ್ಡೆಲ್ ಫ್ರಿಜ್ಜಿಗೆ ಒರಗಿ ನಿಂತಿದ್ದ. "ನೀ... ನೀ... ನೀ..." ಎಂದ. ಮುಂದೆ ಹೋಗಲಿಲ್ಲ. ಥರ್ಮನ್ ಕಾಯಲಿಲ್ಲ. ತಟ್ಟೆಯನ್ನು ಸಿಂಕಿನಲ್ಲಿಟ್ಟು, ನಮ್ಮಮ್ಮನಿಗೆ ಥ್ಯಾಂಕ್ಸ್ ಹೇಳಿ ಹೊರಟ. ಅಮ್ಮನಿಗೆ ಥ್ಯಾಂಕ್ಸ್ ಹೇಳಿದ್ದು ನನ್ನನ್ನು ಇನ್ನಷ್ಟು ಉರಿಸಿತು. ಬಾಗಿಲವರೆಗೆ ಅಟ್ಟಿಸಿಕೊಂಡು ಹೋಗಿ, "ಮುಗಿಸೋಕೆ ಯಾರನ್ನ ಕರ್ಕೊಂಡ್ಹೋಗ್ತೀಯೋ? ನಿಂಗೆ ಒಂದು ಸಾಲು ಪೂರ್ತಿ ಹೇಳೋಕೆ ದಮ್ಮಿಲ್ಲ!" ಎಂದು ಕೂಗಿದೆ.

ಅದು ಬೈಗುಳವಾಗಿ ಬಂದ ಮಾತು. ನಿಜವಾಯಿತು. 'ಕಿಂಗ್ ಥರ್ಮ್' ಎಂದು ಹೆಸರಿಟ್ಟುಕೊಂಡು ಅವನು ರೇಡಿಯೋದಲ್ಲಿ ಶನಿವಾರ ಮಧ್ಯಾಹ್ನದ ನೇರಪ್ರಸಾರಕ್ಕೆ ಬಂದ. ಯಾವ ರಾಜ್ಯದ ರಾಜನೋ! ನಾನು ಮನೆಯಲ್ಲಿ ಕ್ಯಾಸೆಟ್ ಹಾಕಿ ರೆಕಾರ್ಡ್ ಮಾಡಿಕೊಂಡೆ. ಆಗ ರೇಡಿಯೋದಲ್ಲಿ ಬಂದದ್ದನ್ನೆಲ್ಲ ಹಾಗೇ ಮಾಡಿಕೊಳ್ಳುತ್ತಿದ್ದೆ, ಕೆಟ್ಟ ಯೋಚನೆಯೇನೂ ಇರಲಿಲ್ಲ. ಮೊದಲ ಪದ್ಯ ದಾಟಿದ. ಎರಡನೆಯದರ ನಡುವೆ ಹಳೇ ಅಭ್ಯಾಸದಂತೆ ಅರ್ಧ ಸಾಲಿಗೆ ನಿಂತ. ಹಿಡಿಯಲು ಯಾರೂ ಇರಲಿಲ್ಲ. ಆ ಖಾಲಿಯಲ್ಲಿ ಅವನು ಉಸಿರೆಳೆದದ್ದು ಊರಿಗೆಲ್ಲ ಕೇಳಿಸಿತು. ಹ್ಞೀಂ... ಎಂದು, ಹಳೆಯ ಗೇಟು ತೆರೆದ ಹಾಗೆ. ಮೂರು ಸಲ. ನಿರೂಪಕ ನಕ್ಕು ಜಾಹೀರಾತಿಗೆ ಹೋದ.

ನಾನೂ ನಕ್ಕೆ. ಕೊರ್ಡೆಲ್ ನಗಲಿಲ್ಲ.

ಅಲ್ಲಿಗೇ ನಿಂತಿದ್ದರೆ ಸರಿಹೋಗುತ್ತಿತ್ತೇನೋ. ಥರ್ಮನ್ ನಿಲ್ಲಿಸುವ ಜಾತಿಯಲ್ಲ. ಆರು ತಿಂಗಳು ಹೈಸ್ಕೂಲಿನ ಮೈದಾನ ಸುತ್ತಿ ಸುತ್ತಿ, ಓಡುತ್ತಲೇ ರ‍್ಯಾಪ್ ಹೇಳಿಕೊಂಡು, ದಮ್ಮು ಕಟ್ಟಿದ. ಟೈರ್ ಅಂಗಡಿಯಲ್ಲಿ ಕೆಲಸ ಮಾಡುವಾಗಲೂ ಜ್ಯಾಕ್ ಎತ್ತಿದ ತಾಳಕ್ಕೆ ಸಾಲು ಹೇಳುತ್ತಿದ್ದನಂತೆ. ಅವನ ಒಂಟಿ ಕ್ಯಾಸೆಟ್ ಬಂತು. ಅದರ ನಾಲ್ಕನೆಯ ಹಾಡು ನನ್ನ ತಮ್ಮನ ಮೇಲೆ. ಹಾಡಿನ ಪಲ್ಲವಿಯೇ ಅವನ ಹೆಸರು: ಕೊ-ಕೊ-ಕೊ-ಕೊರ್ಡೆಲ್. ಶಾಲೆಯಲ್ಲಿ ಟೀಚರ್ ಹೆಸರು ಕೇಳಿದಾಗ ಕೊರ್ಡೆಲ್ ಚಡ್ಡಿ ಒದ್ದೆ ಮಾಡಿಕೊಂಡ ಸಂಗತಿಯೂ ಅದರಲ್ಲಿತ್ತು. ಆವತ್ತು ತರಗತಿಯಲ್ಲಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಗೊತ್ತಿದ್ದದ್ದು ನಮ್ಮ ಮೂವರಿಗೆ ಮಾತ್ರ. ಶತ್ರು ಹೊಡೆದರೆ ಎಲ್ಲಿಗೆಂದರೆ ಅಲ್ಲಿಗೆ ಹೊಡೆಯುತ್ತಾನೆ. ಇವನು ಜೊತೆಯಲ್ಲಿ ಬೆಳೆದವನಿಗಷ್ಟೇ ಗೊತ್ತಿರುವ ಜಾಗ ನೋಡಿ ಹೊಡೆದ.

ಕೊರ್ಡೆಲ್ ಆಗ ಸೂಪರ್ ಮಾರ್ಕೆಟ್ಟಿನ ಮಾಂಸದ ವಿಭಾಗದಲ್ಲಿದ್ದ. ಗಿರಾಕಿಗಳು ಸಾಲಿನಲ್ಲಿ ನಿಂತು, "ಅರ್ಧ ಪೌಂಡ್ ಕೊ-ಕೊ-ಕೊಡಪ್ಪ" ಎನ್ನಲು ಶುರುಮಾಡಿದರು. ಒಂದು ತಿಂಗಳು ಅವನು ಮನೆಯಲ್ಲೂ ಮಾತಾಡಲಿಲ್ಲ. ಉಪ್ಪು ಬೇಕಿದ್ದರೆ ಬೆರಳು ತೋರಿಸುತ್ತಿದ್ದ. ಅಮ್ಮ ಜಗಲಿಗೆ ಬರುವುದನ್ನು ಬಿಟ್ಟಳು.

ಆಗ ನಾನು ಆ ಶನಿವಾರದ ಕ್ಯಾಸೆಟ್ಟನ್ನು ಹುಡುಕಿ ತೆಗೆದೆ.

ಥರ್ಮನ್‌ನ ಮೂರು ಉಸಿರನ್ನು ಕತ್ತರಿಸಿ ತೆಗೆದು, ಒಂದರ ಹಿಂದೊಂದು ಜೋಡಿಸಿ, ಕೆಳಗೆ ಡ್ರಮ್ ಕೂರಿಸಿದೆ. ಹ್ಞೀಂ-ಧಡ್, ಹ್ಞೀಂ-ಧಡ್. ಇಡೀ ಹಾಡು ಅವನ ಏದುಸಿರಿನ ಮೇಲೆಯೇ ನಡೆಯಿತು. ಕೊರ್ಡೆಲ್ ಸಾಲು ಬರೆದ, ನಾನು ಪ್ರತಿ ಸಾಲಿನ ಮೊದಲ ಪದ ಹೇಳಿದೆ, ಅವನು ಹಿಡಿದು ಮುಗಿಸಿದ. ಹೆಸರು 'ಗಾಳಿ ಹಾಕು'. ಟೈರ್ ಅಂಗಡಿಯವನಿಗೆ ಅದಕ್ಕಿಂತ ಒಳ್ಳೆಯ ಹೆಸರು ಬೇಕೆ?

ನಾವು ಮಾಡಿದ ಬೇರಾವ ಹಾಡೂ ಅಷ್ಟು ಓಡಿರಲಿಲ್ಲ. ಊರೇ ಅದಕ್ಕೆ ಕುಣಿಯಿತು. ಥರ್ಮನ್ ರಸ್ತೆಗೆ ಬಂದರೆ ಸಾಕು, ಎದುರು ಜಗಲಿಯವರು ಎದೆ ಹಿಡಿದುಕೊಂಡು ಹ್ಞೀಂ ಎನ್ನುತ್ತಿದ್ದರು. "ಏನ್ ಥರ್ಮಣ್ಣ, ಇವತ್ತು ಗಾಳಿ ಚೆಕ್ ಮಾಡಿಸ್ಕೊಂಡ್ಯಾ?" ಅವನ ಮೊದಲ ಹೆಂಡತಿ ಡೆನೀಟ್ರಾ ಅದನ್ನು ತಾಳಲಾರದೆ ತವರಿಗೆ ಹೋದಳೆಂದು ಕೇಳಿದೆ. ಕೇಳಿ ಸಂತೋಷಪಟ್ಟೆ. ಅದನ್ನು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ.

ಒಂದು ಬುಧವಾರ ಬೆಳಿಗ್ಗೆ ಮಿಸ್ ಅರ್ಲೀನ್ ಬಂದರು. ಆಸ್ಪತ್ರೆಯ ನೀಲಿ ಸಮವಸ್ತ್ರ, ಬ್ಲೀಚಿನ ವಾಸನೆ. ಮನೆಯಲ್ಲಿ ನಾನೊಬ್ಬಳೇ. ಕೂರಿ ಎಂದರೂ ಕೂರಲಿಲ್ಲ.

"ಬಂಕಿನಲ್ಲಿ ಪೆಟ್ರೋಲ್ ಹಾಕಿಸ್ತಾ ಇದ್ದೆ ಕಣಮ್ಮಾ. ಪಕ್ಕದ ಕಾರಲ್ಲಿ ಆ ಸದ್ದು ಬಂತು. ನಾನು ಪೈಪ್ ಕೈಬಿಟ್ಟು ಓಡಿದೆ, ನನ್ ಮಗ ಕಾರೊಳಗಿದಾನೆ ಅಂತ."

ನಾನು ಕುರ್ಚಿಯನ್ನು ಮತ್ತೆ ಅವರ ಕಡೆ ಸರಿಸಿದೆ.

"ಅವನ ಉಬ್ಬಸ ಎಲ್ಲೂ ಹೋಗಿಲ್ಲ, ವರ್ನೀಸ್. ಹೋಯ್ತು ಅಂತ ಹೇಳ್ಕೊಂಡು ತಿರುಗ್ತಾನೆ. ಹೋದ ಚಳಿಗಾಲದಲ್ಲಿ ಎರಡ್ಸಲ ಎಮರ್ಜೆನ್ಸಿಗೆ ಎತ್ಕೊಂಡು ಹೋಗಿದೀನಿ. ಪಂಪು ಈಗ್ಲೂ ಕಾಲುಚೀಲದಲ್ಲೇ ಇರತ್ತೆ. ಮನಸ್ಸಿಗೆ ನೋವಾದ್ರೆ ಜಾಸ್ತಿ ಆಗತ್ತೆ. ಆ ಹಾಡು ನಿಲ್ಸು. ನಿಂಗೆ ಮಾತ್ರ ಹೇಳ್ತಿದೀನಿ, ಯಾರಿಗೂ ಹೇಳ್ಬೇಡ, ಅವನಿಗೆ ಅವಮಾನ."

"ನನ್ ತಮ್ಮನಿಗೆ ಆಗಿದ್ದು?"

"ಅದು ತಪ್ಪು. ನಾನು ಅವನ ಕೆನ್ನೆಗೆ ಬಾರಿಸಿದೀನಿ, ಇಪ್ಪತ್ತೆರಡು ವರ್ಷದ ಗಂಡಸಿಗೆ. ಇನ್ನೇನು ಮಾಡ್ಲಿ ಹೇಳು."

"ಅವನೇ ಬಂದು ಕೊರ್ಡೆಲ್ ಕಾಲಿಗೆ ಬೀಳ್ಲಿ ಮಿಸ್ ಅರ್ಲೀನ್. ಆಮೇಲೆ ನೋಡಾಣ."

ಅವರು ಬಲಗೈ ಎತ್ತಿ ಹಿಡಿದರು. "ನಿನ್ನ ತಲೆ ಬಾಚಿ ಜಡೆ ಹಾಕಿದ ಕೈ ಇದು," ಎಂದರು. ಹೊರಟುಹೋದರು.

ಆಗ ನಾನು ಸ್ಕೇಟಿಂಗ್ ರಿಂಕಿನಲ್ಲಿ ಭಾನುವಾರ ಮಧ್ಯಾಹ್ನ ಹಾಡು ಹಾಕುವ ಕೆಲಸ ಮಾಡುತ್ತಿದ್ದೆ. ಅದಾದ ಮೂರನೆಯ ಭಾನುವಾರ ಅಲ್ಲಿಗೆ ಥರ್ಮನ್‌ನ ಕಾರ್ಯಕ್ರಮ ಗೊತ್ತಾಯಿತು. ಮಾಲೀಕ ಲೂಮಿಸ್ ನನ್ನನ್ನು ಬದಿಗೆ ಕರೆದ. "ನೋಡಮ್ಮಾ, ಅವನ ಇಪ್ಪತ್ತು ನಿಮಿಷ ಅವನದು. ಆ ಹಾಡು ಮಾತ್ರ ಬೇಡ. ಇಲ್ಲಿ ಬಡಿದಾಟ ಆದ್ರೆ ನನ್ನ ರಿಂಕ್ ಮುಚ್ಚಿಸ್ತಾರೆ." ಆಗಲಿ ಎಂದೆ. ಆಗ ಆ ಮಾತು ನಿಜವಾಗಿಯೇ ಹೇಳಿದ್ದೆ.

ಐನೂರು ಜನರಿದ್ದರು. ಥರ್ಮನ್ ಅದೇ ಬಿಳಿ ಜಾಕೆಟ್ಟಿನಲ್ಲಿ ಬಂದ. ಹೇಳಲೇಬೇಕು, ಮೊದಲ ಎರಡು ಹಾಡು ಚೆನ್ನಾಗಿದ್ದವು. ಮೈದಾನ ಸುತ್ತಿದ್ದು ವ್ಯರ್ಥವಾಗಿರಲಿಲ್ಲ. ಕೊರ್ಡೆಲ್ ಹಿಂದೆ ಕಟಕಟೆಗೆ ಒರಗಿ ನಿಂತಿದ್ದ. ಯಾಕೆ ಬಂದಿದ್ದನೋ, ನಾನು ಕರೆದಿರಲಿಲ್ಲ. ಥರ್ಮನ್ ಅವನನ್ನು ನೋಡಿದ. ಮೈಕಿನಲ್ಲಿ ನಕ್ಕ.

"ಓಹೋ, ಯಾರು ಬಂದಿದಾರೆ ನೋಡಿ! ಹೆಸರು ಹೇಳಪ್ಪ ಸ್ವಲ್ಪ ಎಲ್ರಿಗೂ. ಕೊ... ಕೊ... ಕೊ... ಅಯ್ಯೋ, ಚಡ್ಡಿ ಬದಲಾಯ್ಸಿ ಬರ್ತೀಯಾ?"

ಐನೂರು ಜನ ನಕ್ಕರು. ನಾನು 'ಗಾಳಿ ಹಾಕು' ರೆಕಾರ್ಡ್ ಹಾಕಿದೆ. ಹ್ಞೀಂ-ಧಡ್, ಹ್ಞೀಂ-ಧಡ್.

ರಿಂಕು ಸಿಡಿಯಿತು. ಜನ ಸುತ್ತುಗಟ್ಟಿ, ನೆಲಕ್ಕೆ ಕಾಲು ಅಪ್ಪಳಿಸುತ್ತ, ಎಲ್ಲರೂ ಒಟ್ಟಿಗೆ ಉಸಿರೆಳೆಯುತ್ತ ತಿರುಗತೊಡಗಿದರು. ಥರ್ಮನ್ ಇಳಿದು ಹೋಗಬಹುದಿತ್ತು. ಹೋಗಲಿಲ್ಲ. ತನ್ನದೇ ಉಸಿರಿನ ತಾಳದ ಮೇಲೆ ನಮ್ಮನ್ನು ಬೈಯುತ್ತ, ಇನ್ನೂ ಜೋರಾಗಿ, ಇನ್ನೂ ವೇಗವಾಗಿ ರ‍್ಯಾಪ್ ಹೇಳತೊಡಗಿದ. ಹನ್ನೆರಡು ಸಾಲಿನಷ್ಟು ಹೇಳಿದ್ದಾನು. ಆಮೇಲೆ ಅವನ ಭುಜಗಳು ಮೇಲೆದ್ದು ಅಲ್ಲೇ ನಿಂತವು. ಕತ್ತಿನ ನರಗಳು ಹಗ್ಗದ ಹಾಗೆ ಉಬ್ಬಿದವು. ಬಾಯಿ ಆಡುತ್ತಿತ್ತು, ಮಾತಿರಲಿಲ್ಲ. ಸ್ಪೀಕರಿನ ಏದುಸಿರು ಯಾವುದು, ಮೈಕಿನದು ಯಾವುದು ಎಂದು ತಿಳಿಯದಂತಾಯಿತು.

"ನಾಟಕ ನೋಡ್ರೋ! ಸೂಪರ್!" ಎಂದು ಯಾರೋ ಕೂಗಿದರು. ಜನ ಚಪ್ಪಾಳೆ ತಟ್ಟಿದರು, ತಾಳಕ್ಕೆ ಸರಿಯಾಗಿ.

ಇದು ನಾಟಕವಲ್ಲ ಎಂದು ನನಗೆ ಗೊತ್ತಾಯಿತು. ಆ ಕಟ್ಟಡದಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ರೆಕಾರ್ಡಿನ ಮುಳ್ಳು ನನ್ನ ಬೆರಳಿಂದ ಒಂದು ಗೇಣು ದೂರದಲ್ಲಿತ್ತು. ಎತ್ತಲಿಲ್ಲ. ಇನ್ನೂ ಸ್ವಲ್ಪ ಅನುಭವಿಸಲಿ ಎಂದುಕೊಂಡೆ. ಎಷ್ಟು ಹೊತ್ತು ಎಂದು ಕೇಳಿದರೆ ಅರ್ಧ ನಿಮಿಷ ಎನ್ನುತ್ತೇನೆ. ಹೆಚ್ಚೇ ಇದ್ದಿರಬಹುದು.

ಕಟಕಟೆ ಹಾರಿ ಬಂದವನು ಕೊರ್ಡೆಲ್. ಜನರನ್ನು ತಳ್ಳಿಕೊಂಡು ವೇದಿಕೆ ಹತ್ತಿ, ಥರ್ಮನ್‌ನ ಕೈಯಿಂದ ಮೈಕ್ ಕಿತ್ತುಕೊಂಡ. "ಇ... ಇ... ಇವ... ಇವನಿಗೆ ಉ... ಉ... ಉ..." ಎಂದ. ಅಷ್ಟೇ. ರಿಂಕಿನಲ್ಲಿ ನಗು ಭೋರೆಂದು ಎದ್ದಿತು. ಇಬ್ಬರೂ ಸೇರಿ ತಮ್ಮ ತಮ್ಮ ಹಾಡಿನ ಅಣಕ ಮಾಡುತ್ತಿದ್ದಾರೆ, ರಾಜಿಯಾಗಿದ್ದಾರೆ ಎಂದುಕೊಂಡರು ಜನ. ಹೆಂಗಸೊಬ್ಬಳು ಕಣ್ಣೊರೆಸಿಕೊಂಡು ನಗುತ್ತಿದ್ದಳು. ಕೊರ್ಡೆಲ್ ಅವರನ್ನೆಲ್ಲ ನೋಡಿದ. ತಿರುಗಿ ನನ್ನನ್ನು ನೋಡಿದ. ಆ ಮೈಕನ್ನು ಇದ್ದ ಬಲವನ್ನೆಲ್ಲ ಹಾಕಿ ನನ್ನ ಕಡೆಗೆ ಬೀಸಿ ಒಗೆದ. ಅದು ರೆಕಾರ್ಡಿನ ಮೇಲೆ ಬಿತ್ತು. ಮುಳ್ಳು ಕರ್ರೆಂದು ಕಿತ್ತುಹೋಯಿತು. ಆಮೇಲೆ ಬರೀ ಥರ್ಮನ್‌ನ ಉಸಿರು, ಡ್ರಮ್ಮಿಲ್ಲದೆ. ಆಗ ಎಲ್ಲರಿಗೂ ಅರ್ಥವಾಯಿತು.

ಕೊರ್ಡೆಲ್ ಅವನ ಶೂ ಕಿತ್ತು, ಕಾಲುಚೀಲದಿಂದ ಪಂಪು ತೆಗೆದು ಬಾಯಿಗಿಟ್ಟ. ಚಿಕ್ಕಂದಿನ ಅಭ್ಯಾಸ ಅವನ ಕೈಗೆ ನೆನಪಿತ್ತು. ಆಂಬ್ಯುಲೆನ್ಸ್ ಬರುವತನಕ ಬೆನ್ನು ಹಿಡಿದು ಕೂರಿಸಿದ್ದ. ಥರ್ಮನ್ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದ.

ಆ ಸಂಜೆ ಕೊರ್ಡೆಲ್ ಕೇಳಿದ ಪ್ರಶ್ನೆ ಒಂದೇ. "ನಿಂ... ನಿಂಗೆ ಯಾವಾಗ ಗೊತ್ತಾಯ್ತು ಅಕ್ಕಾ?"

"ನೀನು ವೇದಿಕೆ ಹತ್ತಿದ್ಮೇಲೆ," ಎಂದೆ.

ಇದರಿಂದ ಅವರಿಬ್ಬರೂ ಒಂದಾದರೆಂದು ತಿಳಿಯಬೇಡಿ. ಕೊರ್ಡೆಲ್ ಆಸ್ಪತ್ರೆಗೆ ಕಿತ್ತಳೆ ಹಣ್ಣು ತೆಗೆದುಕೊಂಡು ಹೋದಾಗ, ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದ ಥರ್ಮನ್, "ಹೊ-ಹೊ-ಹೊರಗ್ಹೋಗು" ಎಂದನಂತೆ. ಉಸಿರಾಡಲು ಬರದಿದ್ದರೂ ಅಣಕಿಸಲು ಬಂತು. ಕೊರ್ಡೆಲ್ ಹಣ್ಣನ್ನು ವಾಪಸ್ ತಂದ, ನಾವೇ ತಿಂದೆವು. ಮಿಸ್ ಅರ್ಲೀನ್ ನಮ್ಮ ಚರ್ಚು ಬಿಟ್ಟು ಬೇರೆ ಚರ್ಚಿಗೆ ಹೋಗತೊಡಗಿದರು. ದಾರಿಯಲ್ಲಿ ಸಿಕ್ಕರೆ ನನ್ನ ಹಿಂದಿನ ಗೋಡೆಯನ್ನು ನೋಡಿಕೊಂಡು ಹೋಗುತ್ತಿದ್ದರು.

ಆಮೇಲಿನ ಏಳೆಂಟು ವರ್ಷ ಇಬ್ಬರೂ ಒಬ್ಬೊಬ್ಬರೇ ಒದ್ದಾಡಿದರು. ಥರ್ಮನ್ ಮೂರು ಕ್ಯಾಸೆಟ್ ಮಾಡಿದ, ಎರಡನೆಯ ಮದುವೆ ಮಾಡಿಕೊಂಡ, ಒಬ್ಬ ಮಗಳು ಹುಟ್ಟಿದಳು. ಕೊರ್ಡೆಲ್ ಒಂದು ಒಂಟಿ ಆಲ್ಬಮ್ ಮಾಡಲು ಹೊರಟ. ಹೆಡ್‌ಫೋನಿನಲ್ಲಿ ನಾನು ಪ್ರತಿ ಸಾಲಿನ ಮೊದಲ ಅಕ್ಷರ ಹೇಳಿಕೊಡುತ್ತಿದ್ದೆ. ಐದನೆಯ ಹಾಡಿಗೆ ಅವನು ಹೆಡ್‌ಫೋನ್ ತೆಗೆದಿಟ್ಟು, "ಇದು ನಂದಲ್ಲ," ಎಂದು ಮಾಂಸದ ಅಂಗಡಿಗೇ ಮರಳಿದ.

ಎರಡು ಸಾವಿರದ ನಾಲ್ಕರಲ್ಲಿ ಯಾವುದೋ ಸಣ್ಣ ಕಂಪನಿ ಲಾಸ್ಟ್ ಪ್ಯೂ ಮತ್ತೆ ಬರಬೇಕೆಂದಿತು. ಇಬ್ಬರೂ ಒಪ್ಪಿದರು, ಒಂದು ಷರತ್ತಿನ ಮೇಲೆ: ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ. ಸೋಮವಾರ ಬೆಳಿಗ್ಗೆ ಥರ್ಮನ್ ಬಂದು ಅರ್ಧರ್ಧ ಸಾಲು ಹೇಳಿ ಹೋಗುವನು. ಮಂಗಳವಾರ ಬೆಳಿಗ್ಗೆ ಕೊರ್ಡೆಲ್ ಬಂದು, ಅದನ್ನು ಕೇಳಿ, ಉಳಿದರ್ಧ ಮುಗಿಸುವನು. ನಡುವೆ ಕೂತು ಹೊಲಿಯುವ ದರ್ಜಿ ನಾನು. ಥರ್ಮನ್ ನನ್ನ ಜೊತೆ ಕೆಲಸಕ್ಕೆ ಬೇಕಾದ ನಾಲ್ಕು ಮಾತು ಬಿಟ್ಟು ಆಡಲಿಲ್ಲ. "ಮತ್ತೆ." "ಜೋರು ಮಾಡು." "ಸಾಕು." "ಬರ್ತೀನಿ." ಒಂದು ದಿನ ಕೊರ್ಡೆಲ್ ಬೇಗ ಬಂದುಬಿಟ್ಟ, ಕಾರು ನಿಲ್ಲಿಸುವ ಜಾಗಕ್ಕಾಗಿ ಇಬ್ಬರೂ ಕೊರಳುಪಟ್ಟಿ ಹಿಡಿದುಕೊಂಡರು. ಆ ಆಲ್ಬಮ್ ನಮ್ಮದರಲ್ಲೆಲ್ಲ ಅತ್ಯುತ್ತಮ ಎಂದು ಬಲ್ಲವರು ಹೇಳುತ್ತಾರೆ. ಅದರಲ್ಲಿ ಎಷ್ಟು ಪ್ರೀತಿ ಇದೆ ಎಂದೂ ಯಾರೋ ಬರೆದಿದ್ದರು. ಓದಿ ನಗು ಬಂತು.

ಆರು ತಿಂಗಳು ಎರಡು ಬೇರೆ ಬೇರೆ ವ್ಯಾನುಗಳಲ್ಲಿ ಊರೂರು ತಿರುಗಿದೆವು. ಆಮೇಲೆ ಥರ್ಮನ್ ಒಂದು ಸಂದರ್ಶನದಲ್ಲಿ, "ಆ ಇಬ್ರನ್ನ ಎತ್ತಿ ನಿಲ್ಲಿಸಿದೋನು ನಾನು, ಇನ್ನು ಸಾಕು," ಎಂದು ಹೇಳಿ ಮತ್ತೆ ಎದ್ದುಹೋದ. ಎರಡನೆಯ ಸಲ ಯಾರಿಗೂ ಆಶ್ಚರ್ಯವಾಗಲಿಲ್ಲ. ಅವನು ನೀರಿನ ಇಲಾಖೆಯಲ್ಲಿ ಮೀಟರ್ ಓದುವ ಕೆಲಸ ಹಿಡಿದ. ನಾನು ಶಾಲಾ ಬಸ್ಸು ಓಡಿಸತೊಡಗಿದೆ.

ಹೀಗೇ ಮುಗಿಯುತ್ತದೆ ಎಂದುಕೊಂಡಿದ್ದೆ. ಎಂಟು ವರ್ಷದ ಕೆಳಗೆ ಮಿಸ್ ಅರ್ಲೀನ್ ಹಾಸಿಗೆ ಹಿಡಿದರು. ಅವರಿಗೆ ಹೊರಗೆ ಹೋಗಲಾಗದೆ, ಸಾಮಾನು ತಂದುಕೊಡಲು ಅಂಗಡಿಗೆ ಫೋನ್ ಮಾಡಿದಾಗ, ಮಾಂಸ ತಲುಪಿಸಲು ಹೋದವನು ಕೊರ್ಡೆಲ್. ಅವರು ಅವನನ್ನು ಕೂರಿಸಿಕೊಂಡು, ಇಪ್ಪತ್ತು ವರ್ಷ ಯಾರಿಗೂ ಹೇಳದಿದ್ದದ್ದನ್ನು ಹೇಳಿದರು. ಆ ಭಾನುವಾರಕ್ಕೆ ಮೂರು ವಾರ ಮುಂಚೆ ನನ್ನ ಬಳಿ ಬಂದು ಹೋದದ್ದನ್ನು.

ಕೊರ್ಡೆಲ್ ಅಲ್ಲಿಂದ ನೇರ ಬಸ್ ಡಿಪೋಗೆ ಬಂದ. ನಾನು ಬಸ್ಸಿನ ಸೀಟು ಗುಡಿಸುತ್ತಿದ್ದೆ. ಏಪ್ರನ್ನೂ ಬಿಚ್ಚಿರಲಿಲ್ಲ ಅವನು.

"ನಿಂಗೆ ಮೊ... ಮೊದಲೇ ಗೊತ್ತಿತ್ತು."

"ಏನು?"

"ಸುಮ್ನಿರು. ಗೊತ್ತಿತ್ತು. ನಂಗೆ ಸು... ಸುಳ್ಳು ಹೇಳ್ದೆ."

"ನಿನಗೋಸ್ಕರ ಮಾಡಿದ್ದು ಕಣೋ! ಅವನು ಊರ ಮುಂದೆ ನಿನ್ನ ಮಾನ ತೆಗೀತಿದ್ದ. ನೋಡ್ಕೊಂಡಿರ್ಬೇಕಿತ್ತಾ ನಾನು?"

"ಅವನು ಬಾ... ಬಾಯಲ್ಲಿ ಆಡ್ದ. ನಾನೂ ಬಾಯಲ್ಲಿ ಆಡ್ದೆ. ನೀನು ಅವನು ಸಾ... ಸಾಯೋದನ್ನ ನೋಡ್ಕೊಂಡು ನಿಂತಿದ್ದೆ."

"ಸತ್ತಿಲ್ವಲ್ಲ!"

ಆ ಮಾತು ಬಾಯಿಂದ ಜಾರಿದ್ದೇ ತಡ, ಅವನ ಮುಖ ನೋಡಿ ವಾಪಸ್ ತೆಗೆದುಕೊಳ್ಳಬೇಕೆನ್ನಿಸಿತು. ತೆಗೆದುಕೊಳ್ಳಲಿಲ್ಲ. ಅವನು ಬಸ್ಸಿನ ಮೆಟ್ಟಿಲಿಳಿದು ಹೋದ. ಅಂದಿನಿಂದ ಅಕ್ಕಾ ಎಂದು ಕರೆದಿಲ್ಲ.

ಆ ಚಳಿಗಾಲದಲ್ಲಿ ಕಂಬಗಳ ಮೇಲೆ ಪೋಸ್ಟರ್ ಬಂತು: 'ಟಗಲ್ ಅಂಡ್ ಹಾಬ್ಸನ್'. ಹಾಬ್ಸನ್ ನಮ್ಮ ಮನೆತನದ ಹೆಸರು. ಇಬ್ಬರ ಮುಖ. ಲಾಸ್ಟ್ ಪ್ಯೂ ಎಂಬ ಹೆಸರನ್ನು ಇಟ್ಟವಳಿಗೇ ಬಿಟ್ಟಿದ್ದರು. ಅವರು ಗೆಳೆಯರಾಗಿದ್ದಾರೆ ಎಂದಲ್ಲ. ವೇದಿಕೆಯ ಮೇಲೂ ಒಬ್ಬರನ್ನೊಬ್ಬರು ಹೀಗಳೆಯುತ್ತಾರಂತೆ, ಜನ ಅದಕ್ಕೇ ಬರುತ್ತಾರಂತೆ. ಆದರೆ ಈಗ ಥರ್ಮನ್ ಅರ್ಧ ಸಾಲಿಗೆ ನಿಂತರೆ ಹಿಡಿಯಲು ಆಚೆ ಕಡೆ ನನ್ನ ತಮ್ಮನಿದ್ದಾನೆ. ತಾಳ ಹಾಕಲು ಯಾರೋ ಹೊಸ ಹುಡುಗಿ. ನಾನು ಒಂದು ಸಲವೂ ಹೋಗಿಲ್ಲ. ಇಪ್ಪತ್ತು ವರ್ಷ ಗುಂಪು ಬಿಟ್ಟವನು ದ್ರೋಹಿ ಎಂದು ಬೈದುಕೊಂಡು ತಿರುಗಿದವಳನ್ನು ಕೊನೆಗೆ ಗುಂಪೇ ಬಿಟ್ಟುಹೋಯಿತು.

ಮಿಸ್ ಅರ್ಲೀನ್ ಹೋದ ವರ್ಷ ತೀರಿಕೊಂಡರು. ಹೂಳುವ ಶಾಸ್ತ್ರ ಮುಗಿದ ಮೇಲೆ ಸಭಾಂಗಣದಲ್ಲಿ ಊಟ. ಕರೆಯದಿದ್ದರೂ ಹೋದೆ, ನನ್ನ ತಲೆ ಬಾಚಿದವರು ಅವರು. ಕೈಗೆ ಕೆಲಸ ಬೇಕಾಗಿತ್ತು, ಏಪ್ರನ್ ಕಟ್ಟಿಕೊಂಡು ಸ್ಪಗೆಟಿ ಬಡಿಸುವ ಕಡೆ ನಿಂತೆ. ಪಕ್ಕದಲ್ಲಿ ಕೋಳಿ ಬಡಿಸುತ್ತಿದ್ದ ಸಿಸ್ಟರ್ ಒಡೆಸ್ಸಾ ಸರಿದು ಜಾಗ ಕೊಟ್ಟರು.

ಥರ್ಮನ್ ತಟ್ಟೆ ಹಿಡಿದು ಸಾಲಿನಲ್ಲಿ ಬಂದ. ಐವತ್ತು ದಾಟಿದ, ಹೊಟ್ಟೆ ಬಂದ, ಗಡ್ಡ ಬಿಳಿಯಾದ ಮನುಷ್ಯ. ನನ್ನ ಮುಂದೆ ನಿಂತ.

"ಅಮ್ಮ ಕೊನೇ ತನಕ ನಿನ್ನ ಬೈಲಿಲ್ಲ," ಎಂದ. ಒಂದೊಂದೇ ಮಾತು, ನಡುನಡುವೆ ನಿಲ್ಲಿಸಿ. "ಬೈತಾಳೆ ಅಂತ ಕಾದೆ. ಆ ವರ್ನೀಸ್ ಒಳ್ಳೇ ಹುಡುಗಿ ಆಗಿದ್ಲು ಅಂತಿದ್ಲು. ಅದಕ್ಕೆ ನಾನು ಹೇಳ್ತಿದೀನಿ. ನೀನು ಒಳ್ಳೆಯೋಳಲ್ಲ. ಆಗ್ಲೂ ಅಲ್ಲ, ಈಗ್ಲೂ ಅಲ್ಲ."

"ಮೊದಲು ನನ್ನ ತಮ್ಮನ ಉಗ್ಗು ಮಾರಿಕೊಂಡವನು ನೀನು, ಥರ್ಮನ್."

"ಹೌದು. ಅವನ ಹತ್ರ ಕ್ಷಮೆ ಕೇಳಿದೀನಿ. ನೀನು ನನ್ನ ಹತ್ರ ಕೇಳಿದೀಯಾ?"

ಸೌಟು ಕೈಯಲ್ಲಿತ್ತು. ಹೇಳಬೇಕಾದ ಮಾತು ಏನೆಂದು ಗೊತ್ತಿತ್ತು. ಅವನ ಹಿಂದೆ ಸಾಲಿನಲ್ಲಿ ಕೊರ್ಡೆಲ್ ನಿಂತಿದ್ದ, ನೆಲ ನೋಡುತ್ತ. ಆದರೆ ಹಟ ಬಿಡಲಿಲ್ಲ.

"ಸ್ಪಗೆಟಿ ಬೇಕಾ ಬೇಡ್ವಾ?" ಎಂದೆ.

"ಬೇಡ," ಎಂದು ಅವನು ಮುಂದೆ ನಡೆದ.

"ಸಾಲು ನಿಂತಿದೆ, ನಡೀರಪ್ಪಾ," ಎಂದರು ಸಿಸ್ಟರ್ ಒಡೆಸ್ಸಾ. ಕೊರ್ಡೆಲ್ ತಟ್ಟೆ ಮುಂದೆ ಮಾಡಿದ. ಬಡಿಸಿದೆ. ಅವನು ಬೇಡ ಎನ್ನಲಿಲ್ಲ, ತಲೆ ಎತ್ತಲೂ ಇಲ್ಲ. ತಟ್ಟೆ ಹಿಡಿದು ಹೋಗಿ ಥರ್ಮನ್‌ನ ಮೇಜಿನಲ್ಲಿ, ಅವನ ಎದುರಿನ ಕುರ್ಚಿಯಲ್ಲಿ ಕೂತ. ಇನ್ನೂ ಮೂವತ್ತು ಜನರಿಗೆ ಬಡಿಸುವುದಿತ್ತು. ಬಡಿಸಿ, ಪಾತ್ರೆ ತೊಳೆದಿಟ್ಟು, ಏಪ್ರನ್ ಮಡಿಸಿ, ಎರಡೂವರೆಗೆ ಶಾಲೆ ಬಿಡುತ್ತದೆಂದು ಬಸ್ಸಿಗೆ ಹೋದೆ.